ಮಾವನ ಮೊಣಕಾಲು, ಅರಮನೆಯ ಸೀಬೆ

"ಸ್ವಲ್ಪ ಪಾತಿಯಿಂದ ಕಾಲು ತೆಗೀತೀರಾ?"

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಹಳೇ ಅರಮನೆಯ ಹಿಂದಿನ ಹಣ್ಣಿನ ತೋಟದಲ್ಲಿ ನನಗೆ ಸಿಗುವ ಸ್ವಾಗತ ಇದು. ಹೇಳಿದವರು ನನ್ನತ್ತ ತಿರುಗಿಯೂ ನೋಡಿಲ್ಲ. ಸೊಂಟಕ್ಕೆ ಗೋಣಿತಟ್ಟು ಸುತ್ತಿಕೊಂಡು, ಕುಕ್ಕರಗಾಲಲ್ಲಿ ಕೂತು, ದಾಳಿಂಬೆ ಗಿಡದ ಬುಡಕ್ಕೆ ಸುಣ್ಣ ಬಳಿಯುತ್ತಿದ್ದಾರೆ. ನಾನು ಕೆಳಗೆ ನೋಡಿದರೆ, ನೀರು ನಿಲ್ಲಲೆಂದು ಕೈಯಿಂದಲೇ ಕಟ್ಟಿದ ಮಣ್ಣಿನ ಬದು ನನ್ನ ಬೂಟಿನಡಿ ಕುಸಿದಿದೆ. ಅವರು ಎದ್ದು ಬಂದು ಎರಡು ಸಲ ತಟ್ಟಿ ಸರಿಮಾಡುತ್ತಾರೆ. "ಪರವಾಗಿಲ್ಲ ಬಿಡಿ. ಅರಮನೆ ನೋಡೋಕೆ ಬಂದೋರೆಲ್ಲ ಮೇಲೆ ನೋಡ್ಕೊಂಡೇ ನಡೀತಾರೆ."

ನಾನೂ ಮೇಲೆ ನೋಡಲೆಂದೇ ಬಂದವನು. ಸುಳ್ಳೇಕೆ ಹೇಳಲಿ, ಈ ವಾರ ನಾನು ಬರೆಯಬೇಕಿದ್ದುದು ಅರಮನೆಯ ಚಿತ್ತಾರದ ಛಾವಣಿಯ ಬಗ್ಗೆ. ಇನ್ನೂರು ವರ್ಷದಿಂದ ಅಲ್ಲೇ ಇರುವ ಛಾವಣಿ ಇನ್ನೊಂದು ವಾರ ಕಾದೀತು. ದಿನಕ್ಕೆ ಸಾವಿರ ಜನ ಟಿಕೆಟ್ ಕೊಂಡು ಒಳಬರುತ್ತಾರೆ, ಕಂಬಕ್ಕೊರಗಿ ಫೋಟೊ ತೆಗೆಸಿಕೊಳ್ಳುತ್ತಾರೆ, ಹಿಂದಿನ ಬಾಗಿಲಿಂದ ನಾಲ್ಕು ಹೆಜ್ಜೆ ಇಳಿದರೆ ಸಿಗುವ ಈ ತೋಟಕ್ಕೆ ಬರುವವರು ಹತ್ತು ಮಂದಿಯೂ ಇಲ್ಲ. ಅವರಲ್ಲಿ ಆರು ಜನ ಶೌಚಾಲಯ ಹುಡುಕಿಕೊಂಡು ಬಂದವರು.

ಕಾವಲುಗಾರರಿಂದ ಹಿಡಿದು ಟಿಕೆಟ್ ಕೊಡುವವರವರೆಗೆ ಎಲ್ಲರೂ ಇವರನ್ನು ಕರೆಯುವುದು ಸುಣ್ಣದಕ್ಕ ಎಂದು. ವರ್ಷಕ್ಕೆರಡು ಸಲ ಪ್ರತಿ ಮರದ ಬುಡಕ್ಕೂ ಇವರೇ ಸುಣ್ಣ ಬಳಿಯಬೇಕು, ಗೆದ್ದಲು ಹತ್ತದಿರಲೆಂದು. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಕೆಳಗಿನ ಬೀದಿಯ ಮನೆಯಿಂದ ನೂರಾ ಹನ್ನೆರಡು ಮೆಟ್ಟಿಲು ಹತ್ತಿ ಬರುತ್ತಾರೆ. ಬೇಸಿಗೆಯಲ್ಲಿ ತೊಟ್ಟಿಯಿಂದ ದಿನಕ್ಕೆ ಎಪ್ಪತ್ತು ಕೊಡ ನೀರು ಹೊರುತ್ತಾರೆ. ಮರ ಎಷ್ಟಿವೆ ಎಂದು ಕೇಳಿದರೆ ಕುಂಚ ಒಂದು ಕ್ಷಣ ನಿಲ್ಲುತ್ತದೆ.

"ಅರವತ್ತಮೂರು. ಇನ್ನೊಂದಿದೆ, ಅದನ್ನ ಇನ್ನೂ ಎಣಿಕೆಗೆ ತಗೊಂಡಿಲ್ಲ."

ಆ ಇನ್ನೊಂದು ತೋಟದ ಮೂಲೆಯಲ್ಲಿದೆ. ಆಳೆತ್ತರದ ಸೀಬೆ, ಬುಡ ಮಾತ್ರ ದಪ್ಪ ಬೊಡ್ಡೆ, ಅದರಿಂದ ನಾಲ್ಕು ಎಳೆಯ ಕೊಂಬೆಗಳೆದ್ದಿವೆ. ಅದರಲ್ಲಿ ಎರಡೇ ಎರಡು ಹಣ್ಣು ಹಳದಿಗೆ ತಿರುಗಿವೆ. ನಾನು ಬಂದ ಮೇಲೆ ಸುಣ್ಣದಕ್ಕ ಎರಡು ಸಲ ಅತ್ತ ಹೋಗಿ, ಹಣ್ಣು ಮುಟ್ಟಿ, ಬರಿಗೈಲಿ ವಾಪಸ್ ಬಂದಿದ್ದಾರೆ. ಏನು ವಿಷಯ ಎಂದು ಕೇಳಿದ್ದೇ ತಡ, ಎರಡೂವರೆ ವರ್ಷದಿಂದ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದೆಲ್ಲ ಹೊರಗೆ ಬರುತ್ತದೆ.

ಇವರಿಗೆ ಮುಂಚೆ ಇಲ್ಲಿ ತೋಟಗಾರರಾಗಿದ್ದವರು ಇವರ ಮಾವ, ಅಂದರೆ ಗಂಡನ ತಂದೆ. ಅರಮನೆಯವರು ನೆಟ್ಟ ಸೀಬೆಗಳಲ್ಲಿ ಉಳಿದಿದ್ದ ಕೊನೆಯ ಮರ ಒಣಗುತ್ತಿದ್ದಾಗ ಅದರ ಕಡ್ಡಿಯನ್ನು ಒಂದು ಕಾಡು ಸೀಬೆಯ ಸಸಿಗೆ ಕಸಿ ಕಟ್ಟಿ ತಳಿ ಉಳಿಸಿದವರು ಅವರು. ಒಳಗೆ ಗುಲಾಬಿ ಬಣ್ಣ, ಬೀಜ ಲೆಕ್ಕಕ್ಕಷ್ಟೇ. ಮಾವನಿಗೆ ಈಗ ಎಂಬತ್ತೆರಡು, ಕಣ್ಣು ಮಂಜು, ಮೊಣಕಾಲು ಮಾತು ಕೇಳುವುದಿಲ್ಲ. ನಾಲಿಗೆ ಮಾತ್ರ ಚುರುಕಾಗಿದೆ, ರುಚಿ ನೋಡುವುದಕ್ಕೂ ಬೈಯುವುದಕ್ಕೂ.

ಸುಣ್ಣದ ಮೇಲಂಚಿಗೆ ಕೆಮ್ಮಣ್ಣಿನ ಒಂದು ಪಟ್ಟಿ ಎಳೆಯುವುದು ಮಾವ ಕಲಿಸಿದ ಶಿಸ್ತು. ಎರಡೂವರೆ ವರ್ಷದ ಹಿಂದೆ ಸುಣ್ಣದಕ್ಕ ಒಂದು ಸಂಜೆ ಈ ಸೀಬೆಯಿಂದಲೇ ಕೆಲಸ ಶುರುಮಾಡಿದರು. ಒಳ್ಳೆಯದರಿಂದ ಆರಂಭವಾಗಲಿ ಎಂದು. ಸುಣ್ಣ ಬಳಿದು, ಕೆಂಪು ಪಟ್ಟಿ ಎಳೆದು, ಹಳೇ ಪಟ್ಟಿ ಮಳೆಗೆ ಅಳಿಸಿಹೋಗಿದ್ದ ಉಳಿದ ಮರಗಳು ನಾಳೆಗೆ ಎಂದು ಮನೆಗೆ ಹೋದರು. ಗೋಡೆ ಪಕ್ಕದ ಒಣಗಿದ ನೇರಳೆ ಮರವನ್ನು ಕಡಿಯಲೆಂದು ಅರಮನೆ ಕಚೇರಿಯವರು ಅದೇ ದಿನ ಅದಕ್ಕೂ ಒಂದು ಕೆಂಪು ಪಟ್ಟಿ ಬಳಿದು ಹೋಗಿದ್ದು ಇವರಿಗೆ ಗೊತ್ತಿರಲಿಲ್ಲ.

"ಮರ ಕಡಿಯೋರು ಬಿಸಿಲೇರೋಕೆ ಮುಂಚೆನೇ ಬಂದ್ಬಿಟ್ಟಿದ್ರು. ನಾನು ಅರ್ಧ ಮೆಟ್ಟಿಲಲ್ಲಿದ್ದೆ, ಗರಗಸದ ಸದ್ದು ಕೇಳಿಸ್ತು. ನೇರಳೆ ಕಡೀತಾರೆ ಅಂತ ಗೊತ್ತಿತ್ತು, ಅದೇ ಅಂದ್ಕೊಂಡು ಆರಾಮಾಗಿ ಹತ್ಕೊಂಡು ಬಂದೆ. ಬಂದು ನೋಡಿದ್ರೆ ಸೀಬೆ ಮಲಗಿದೆ." ಮರ ಕಡಿಯುವವರು ಕಾಗದ ತೋರಿಸಿದರಂತೆ. ಕೆಂಪು ಪಟ್ಟಿಯ ಮರ ಎಂದಷ್ಟೇ ಅದರಲ್ಲಿತ್ತು, ಇಲ್ಲಿ ನೋಡಿದರೆ ಎರಡಕ್ಕೆ ಪಟ್ಟಿ. "ಪಾಪ, ಅವರದ್ದೇನು ತಪ್ಪು? ಪಟ್ಟಿ ಎಳೆದಿದ್ದು ನನ್ನ ಕೈ. ಅವರಲ್ಲೊಬ್ರು ಗರಗಸ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕೂತ್ಬಿಟ್ರು. ಕಚೇರಿಲಿ ಹೇಳಿದ್ರೆ, ಒಂದು ಸೀಬೆ ಮರ ತಾನೆ, ಹೋಗ್ಲಿ ಬಿಡಿ ಅಂದ್ರು. ಬೈದಿದ್ರೇ ವಾಸಿಯಾಗಿತ್ತು."

ಒಂದೂವರೆ ತಿಂಗಳಿಗೆ ಬೊಡ್ಡೆ ಚಿಗುರಿತು. ಖುಷಿಪಡುವಂತಿರಲಿಲ್ಲ. ಕಸಿ ಮರದಲ್ಲಿ ಕಡ್ಡಿ ಕೂಡಿಸಿದ ಗಂಟಿನ ಮೇಲಿನದು ಒಳ್ಳೆಯ ತಳಿ, ಕೆಳಗಿನದು ಕಾಡು ಸೀಬೆ. ಗರಗಸ ಗಂಟಿನ ಮೇಲೆ ಬಿದ್ದಿದ್ದರೆ ತಳಿ ಉಳಿದಂತೆ, ಕೆಳಗೆ ಬಿದ್ದಿದ್ದರೆ ಬಿಳಿ ತಿರುಳು, ಬಾಯಿ ತುಂಬ ಬೀಜ. ಎಲೆ ನೋಡಿ ಹೇಳೋಣವೆಂದರೆ ಎರಡರ ಎಲೆಯೂ ಒಂದೇ ಥರ. ಮೂವತ್ತು ವರ್ಷದ ತೊಗಟೆ, ಅದರ ಮೇಲೆ ಮೂವತ್ತು ವರ್ಷದ ಸುಣ್ಣ, ಗಂಟಿನ ಗುರುತೇ ಅಳಿಸಿಹೋಗಿತ್ತು. ಗಂಟು ಎಲ್ಲಿದೆ ಎಂದು ಗೊತ್ತಿದ್ದವರು ಮಾವ ಒಬ್ಬರೇ, ಕೇಳಿದರೆ ಮರ ಬಿದ್ದದ್ದು ಅವರಿಗೆ ತಿಳಿದುಬಿಡುತ್ತದೆ.

"ಮೊಣಕಾಲುದ್ದಕ್ಕೆ ಕಟ್ಟಿದೀನಿ ಅಂತ ಮಾವ ಯಾವಾಗ್ಲೂ ಹೇಳೋರು. ಬೊಡ್ಡೆ ನೋಡಿದ್ರೆ ನನ್ನ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಿದೆ. ಆದ್ರೆ ಮಾವ ಆರಡಿ ಆಳು, ನಾನು ಇಷ್ಟೇ ಇಷ್ಟು. ಅವರ ಮೊಣಕಾಲೋ ನನ್ನ ಮೊಣಕಾಲೋ, ಯಾರನ್ನ ಕೇಳ್ಲಿ?"

ಆಗ ನೆರವಿಗೆ ಬಂದವರು ಗಂಡ. ಅವರು ದರ್ಜಿ. ಹೊಸ ಪೈಜಾಮ ಹೊಲಿಯುವ ನೆಪದಲ್ಲಿ ಅಪ್ಪನನ್ನು ಗೋಡೆಗೆ ನಿಲ್ಲಿಸಿ ನೆಲದಿಂದ ಮೊಣಕಾಲಿಗೆ ಟೇಪು ಹಿಡಿದರು. ಪೈಜಾಮಕ್ಕೆ ಮೊಣಕಾಲಿನ ಅಳತೆ ಯಾಕೋ ಎಂದು ಅಪ್ಪ ಕೇಳಿದಾಗ, ಹೊಸ ಫ್ಯಾಷನ್ ಎಂದರಂತೆ. ಇಪ್ಪತ್ತೊಂದು ಇಂಚು ಬಂತು. ಬೊಡ್ಡೆ ಇಪ್ಪತ್ತೆರಡು. ಒಂದೇ ಇಂಚಿನಲ್ಲಿ ಬಚಾವಾದೆವು ಎಂದು ಗಂಡ ನಕ್ಕರೆ ಹೆಂಡತಿಗೆ ನಗು ಬರಲಿಲ್ಲ. ಮೂವತ್ತು ವರ್ಷ ಗೊಬ್ಬರ, ತರಗೆಲೆ ಹಾಕಿ ಹಾಕಿ ನೆಲ ಏರಿದೆಯೋ, ಮಳೆಗೆ ಕೊಚ್ಚಿ ಇಳಿದಿದೆಯೋ ಬಲ್ಲವರಾರು? ಪೈಜಾಮವಂತೂ ಚೆನ್ನಾಗಿ ಬಂತು, ಮಾವ ಈಗಲೂ ಅದನ್ನೇ ಹಾಕುತ್ತಾರೆ.

ಇತ್ತ ಮನೆಯಲ್ಲಿ ಮಾವನದು ಎರಡೇ ಪ್ರಶ್ನೆ. ಸೀಬೆ ಹಣ್ಣಾಯಿತಾ, ನನ್ನನ್ನು ಒಮ್ಮೆ ತೋಟಕ್ಕೆ ಯಾವಾಗ ಕರಕೊಂಡು ಹೋಗುತ್ತೀಯ. ಎರಡಕ್ಕೂ ಇವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ ಕೊಡುತ್ತ ಬಂದರು. "ಹೂ ಉದುರಿತು ಅಂದೆ, ಗಿಳಿ ಕಚ್ತು ಅಂದೆ. ಆ ಅಳಿಲಿನ ಮೇಲೆ ನಾನು ಹಾಕದೇ ಇರೋ ಅಪವಾದ ಇಲ್ಲ. ಕರ್ಕೊಂಡು ಹೋಗು ಅಂದ್ರೆ ಗಾಡಿ ಬರೋ ರಸ್ತೆ ರಿಪೇರಿ ಅಂದೆ. ಎರಡು ವರ್ಷ ರಿಪೇರಿ ಮಾಡ್ತಾರಾ ರಸ್ತೆನ? ಹೋದ ವರ್ಷನೇ ಇದು ಹೂ ಬಿಟ್ಟಿತ್ತು. ಕೊಂಬೆ ಗಟ್ಟಿಯಾಗ್ಲಿ ಅಂತ ಚಿವುಟಿ ಹಾಕ್ದೆ. ನಿಜ ಹೇಳ್ಬೇಕು ಅಂದ್ರೆ ಹೆದರಿಕೆ. ಹಣ್ಣಾದ್ರೆ ಗೊತ್ತಾಗ್ಬಿಡತ್ತಲ್ಲ."

ಗಂಟೆ ಏಳಾಗುತ್ತದೆ. ಇನ್ನು ಬಳಿಯಲು ಮರ ಉಳಿದಿಲ್ಲ. ಸುಣ್ಣದಕ್ಕ ಕೈ ತೊಳೆದು, ಗೋಣಿತಟ್ಟಿಗೆ ಒರೆಸಿಕೊಂಡು, ಎರಡೂ ಹಣ್ಣು ಕೀಳುತ್ತಾರೆ. ಒಂದನ್ನು ಚೀಲಕ್ಕೆ ಹಾಕಿ, ಇನ್ನೊಂದನ್ನು ಕುಡುಗೋಲಿನ ಜೊತೆ ನನ್ನ ಕೈಗೆ ಕೊಡುತ್ತಾರೆ. "ನೀವೇ ಕೊಯ್ರಿ. ನನ್ನ ಕೈಲಾಗಲ್ಲ." ತೋಟದ ಕಡೆ ಬೆನ್ನು ಮಾಡಿ, ಅರಮನೆಯ ಗೋಡೆಯನ್ನು ಪ್ರವಾಸಿಗರ ಹಾಗೆ ನೋಡುತ್ತ ನಿಲ್ಲುತ್ತಾರೆ. ಇಪ್ಪತ್ತು ವರ್ಷ ಪೆನ್ನಷ್ಟೇ ಹಿಡಿದವನು ನಾನು, ಕುಡುಗೋಲಿನಿಂದ ಸೀಬೆಹಣ್ಣನ್ನು ಎರಡು ಹೋಳು ಮಾಡುತ್ತೇನೆ.

ಒಳಗೆ ಗುಲಾಬಿ ಬಣ್ಣ. ನಾನು ಹೇಳುತ್ತೇನೆ. ಅವರು ತಿರುಗಿ ನೋಡಿ, ಪಾತಿಯ ಬದುವಿನ ಮೇಲೆಯೇ ಕೂತುಬಿಡುತ್ತಾರೆ. ಇಷ್ಟು ಹೊತ್ತು ಜೋಪಾನ ಮಾಡಿದ ಬದು ಕುಸಿದರೂ ಲಕ್ಷ್ಯವಿಲ್ಲ. ಹೋಳನ್ನು ಕಚ್ಚಿ, ಕಣ್ಣು ಮುಚ್ಚಿ ಅಗಿದು, "ಉಸಿರು ಬಂತು ನೋಡಿ," ಎನ್ನುತ್ತಾರೆ. ನನಗೂ ಅರ್ಧ ಸಿಗುತ್ತದೆ. ರುಚಿಯ ಬಗ್ಗೆ ಇಷ್ಟೇ ಹೇಳುತ್ತೇನೆ, ಛಾವಣಿಯ ಲೇಖನ ಇನ್ನೂ ಎರಡು ವಾರ ಕಾದರೂ ನಷ್ಟವಿಲ್ಲ.

ಎಂಟಕ್ಕೆ ಅವರ ಜೊತೆ ಮೆಟ್ಟಿಲಿಳಿಯುತ್ತೇನೆ. ಎರಡು ಕೋಣೆಯ ಮನೆ, ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಒಂದು ನಿಂಬೆ ಗಿಡ. ಮಾವ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಸೊಸೆ ಹಣ್ಣನ್ನು ಅವರ ಅಂಗೈಯಲ್ಲಿಡುತ್ತಾರೆ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ.

ಮುದುಕರು ಮೂಸುತ್ತಾರೆ. ಅವರ ಮುಖ ಅರಳುತ್ತದೆ. ಆಮೇಲೆ ಹಣ್ಣನ್ನು ಅಂಗೈಯಲ್ಲಿ ಎತ್ತಿ ಇಳಿಸಿ ತೂಕ ನೋಡುತ್ತಾರೆ, ಹೆಬ್ಬೆರಳಿಂದ ಸಿಪ್ಪೆ ಸವರುತ್ತಾರೆ.

"ಹಣ್ಣು ಅದೇ. ಆದ್ರೆ ಮುದಿ ಕೊಂಬೆ ಇಷ್ಟು ದಪ್ಪ ಬಿಡಲ್ಲ. ಇದು ಹೊಸ ಚಿಗುರಿಂದು. ಮರ ಯಾವಾಗ ಕಡಿದ್ರಿ?"

ಎರಡೂವರೆ ವರ್ಷದ ಗುಟ್ಟು ಎರಡೂವರೆ ನಿಮಿಷ ನಿಲ್ಲಲಿಲ್ಲ. ಸುಣ್ಣದಕ್ಕ ನೆಲದ ಮೇಲೆ ಕೂತು ಎಲ್ಲ ಹೇಳುತ್ತಾರೆ. ಕೆಂಪು ಪಟ್ಟಿ, ಗರಗಸ, ಅಳಿಲು, ರಸ್ತೆ. ಪೈಜಾಮದ ವಿಷಯವನ್ನೂ ಬಿಡುವುದಿಲ್ಲ. "ತಪ್ಪಾಯ್ತು ಮಾವ, ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಳ್ತೀನಿ, ಮೊದಲು ಕೊಯ್ದು ಕೊಡು," ಎನ್ನುತ್ತಾರೆ ಮಾವ. ತಿಂದು ಮುಗಿಸಿದ ಮೇಲೆ ಅವರ ದನಿ ಮೆತ್ತಗಾಗುತ್ತದೆ. "ಆ ಮರಾನ ಬುಡಕ್ಕೆ ಕಡಿದು ಚಿಗುರಿಸ್ಬೇಕು ಅಂತ ನಾನೇ ಹತ್ತು ವರ್ಷ ಅಂದ್ಕೊಂಡೆ ಕಣಮ್ಮಾ. ಧೈರ್ಯ ಬರ್ಲಿಲ್ಲ. ತಪ್ಪು ಅಂದ್ರೆ ನಂದೇ. ಎರಡನೇ ಕಸಿ ಕಟ್ಲಿಲ್ಲ. ಅರಮನೆ ಹಣ್ಣು, ಅರಮನೇಲಿ ಬಿಟ್ರೆ ಎಲ್ಲೂ ಸಿಗಬಾರದು ಅನ್ನೋ ಜಂಬ. ನಾಳೆನೇ ಮೂರು ಕಡ್ಡಿ ತಗೊಂಡು ಬಾ. ನಾನು ಹೇಳ್ತೀನಿ, ನೀನು ಕಟ್ಟು. ಒಂದು ಈ ಹಿತ್ತಲಲ್ಲಿರ್ಲಿ. ಗಂಟು ನಿನ್ನ ಮೊಣಕಾಲುದ್ದಕ್ಕೆ ಕಟ್ಟು, ನನ್ನದಕ್ಕಲ್ಲ."

ಸೊಸೆ ಅಳುತ್ತಲೇ ನಗುತ್ತಾರೆ. ಬಾಗಿಲ ಸಂದಿಯಿಂದ ದರ್ಜಿ, ಹಾಗಾದರೆ ಇನ್ನೊಂದು ಪೈಜಾಮ ಬೇಡವಾ ಎಂದು ಕೇಳಿ ಅಪ್ಪನಿಂದ ಬೈಸಿಕೊಳ್ಳುತ್ತಾರೆ.

ಹೊರಡುವಾಗ, ನಿಮಗೇನಾದರೂ ಆಸೆಯಿದೆಯಾ ಎಂದು ರೂಢಿಯ ಪ್ರಶ್ನೆ ಕೇಳುತ್ತೇನೆ. ಅವರ ಬಳಿ ಉತ್ತರ ತಯಾರಾಗಿಯೇ ಇದೆ. "ಭಾನುವಾರ ಮಾವನ್ನ ಗಾಡೀಲಿ ಕೂರಿಸ್ಕೊಂಡು ಹೋಗ್ಬೇಕು. ಹಿಂದಿನ ಗೇಟಿಂದ ಅಲ್ಲ, ಟಿಕೆಟ್ ತಗೊಂಡು ಮುಂದಿನ ಬಾಗಿಲಿಂದ. ಅರಮನೆ ಎಲ್ಲ ನೋಡ್ಕೊಂಡು ಕೊನೇಲಿ ತೋಟಕ್ಕೆ ಇಳೀಬೇಕು. ಅವರೂ ಒಳಗೆ ಕಾಲಿಟ್ಟಿಲ್ಲ, ನಾನೂ ಇಟ್ಟಿಲ್ಲ."

ನಾನು ಬೀದಿಯ ತಿರುವಿಗೆ ಬಂದಿದ್ದೇನೆ. ಹಿಂದಿನಿಂದ ಚಪ್ಪಲಿಯ ಸದ್ದು. ಸುಣ್ಣದಕ್ಕ ಓಡಿಬಂದಿದ್ದಾರೆ, ಏದುಸಿರು.

"ಬೆಳಿಗ್ಗೆ ಮರದ ಲೆಕ್ಕ ಬರ್ಕೊಂಡ್ರಲ್ಲ, ಅದನ್ನ ಸ್ವಲ್ಪ ತಿದ್ಕೊಳ್ಳಿ," ಎನ್ನುತ್ತಾರೆ. "ಅರವತ್ತನಾಲ್ಕು."