ಆರಾಮ ಅದೀನ್ರಿ

ಕುಡಿತ ಬಿಟ್ಟ ಮೇಲೆ ಪ್ರತಿ ಮಂಗಳವಾರ ಸಾಲಿಯ ಪಾಠ ಮುಗಿಸಿ ಭಾಲ್ಕಿಯಿಂದ ಬೀದರಿನ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿನ ನೌಬಾದ ಬಡಾವಣೆಯ ಒಂದು ಸಣ್ಣ ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ, ಗರಗರ ಅನ್ನುವ ಫ್ಯಾನು. ಎದುರಿಗೆ ಕೂರುವ ಆಪ್ತಸಮಾಲೋಚಕಿ ನನಗಿಂತ ಬಹಳ ಚಿಕ್ಕವರು. ಹೋದ ಕೂಡಲೇ ಕೇಳುತ್ತಿದ್ದರು, "ಹ್ಯಾಂಗ ಅದೀರಿ ಸರ್?"

"ಆರಾಮ ಅದೀನ್ರಿ."

ನಮ್ಮ ಕಡೆ ಇದು ಉತ್ತರವೇ ಅಲ್ಲ. ಕಾಲು ಮುರಿದು ಮಂಚ ಹಿಡಿದವನೂ ಮೊದಲು ಆರಾಮ ಅಂದು, ಆಮೇಲೆ ಕಾಲು ತೋರಿಸುತ್ತಾನೆ. ಒಂದು ಮಂಗಳವಾರ ಅವರು ಪೆನ್ನು ಕೆಳಗಿಟ್ಟರು.

"ಈ ಕೋಣ್ಯಾಗ ಆ ಮಾತ ಬಂದ್ ಮಾಡ್ರಿ ಸರ್. ಬ್ಯಾರೆ ಏನರ ಹೇಳ್ರಿ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೇರೆ ಮಾತು ಹುಡುಕಿದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರನಿಗೆ ಒಂದೂ ಸಿಗಲಿಲ್ಲ.

"ಏನೂ ಅನಸಂಗಿಲ್ರಿ," ಅಂದೆ ಕೊನೆಗೆ. "ಮಕ್ಕಳು ನಕ್ರೂ ಅಷ್ಟೇ, ಅತ್ರೂ ಅಷ್ಟೇ. ಕುಡಿಯೂ ಮೊದಲೂ ಹಿಂಗೇ ಇತ್ತು."

ಇದು ಖಿನ್ನತೆ, ಕುಡಿತದ ಜೊತೆಗಿರುವ ಇನ್ನೊಂದು ಕಾಯಿಲೆ, ಇದನ್ನು ಮುಚ್ಚಲಿಕ್ಕೇ ನೀವು ಕುಡಿದಿರಿ ಎಂದರು. ಗುಳಿಗೆಗೆ ಡಾಕ್ಟರ ಹತ್ತಿರ ಕಳಿಸುತ್ತೇನೆ ಎಂದರು. "ಆದ್ರ ಮನ್ಯಾಗ ಹೇಳ್ರಿ ಸರ್. ಮುಚ್ಚಿಟ್ರ ಬಾಟ್ಲಿ ಮತ್ತ ಬರ್ತದ."

ಹೇಗೆ ಹೇಳುವುದು? ಹೆಂಡತಿಯ ತವರು ಔರಾದ ತಾಲೂಕಿನ ಚಿಂತಾಕಿ, ಕುರಿ ಸಾಕುವ ಮನೆ. ಎಳ್ಳಮಾಸಿ ಹಬ್ಬಕ್ಕೆ ಹೊಲದಲ್ಲಿ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಬಡಿಸುತ್ತ ಅತ್ತೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, "ನಮ್ಮ ಅಳಿಯ ಸುಧಾರಸ್ಯಾರ್ರಿ." ಆ ದಿನ ಹೆಂಡತಿ ತಲೆಯೆತ್ತಿ ಕೂತಿದ್ದಳು. ಕುಡಿತದ ಜೊತೆ ಎಲ್ಲ ತೊಲಗಿತು ಎಂದುಕೊಂಡವಳಿಗೆ ಇನ್ನೊಂದು ಉಳಿದಿದೆ ಎಂದು ಯಾವ ಬಾಯಿಂದ ಹೇಳಲಿ?

ಆ ಸಂಜೆ ಭಾಲ್ಕಿಯಲ್ಲಿ ಇಳಿದಾಗ, ಹಳೆಯ ಬಾರಿನ ಮುಂದೆ ಕಾಲು ತಾವಾಗಿಯೇ ನಿಂತವು. ಆಸೆಯೇನೂ ಇರಲಿಲ್ಲ. ಒಳಗೆ ಹೋದರೆ ಏನಾದರೂ ಅನ್ನಿಸೀತು, ಅಷ್ಟೇ. ಹೆದರಿಕೆ ಕೂಡ ಆಗಲಿಲ್ಲ. ಹೆದರಿಕೆ ಆಗದಿದ್ದದ್ದೇ ಸರಿಯಲ್ಲ ಎಂದು ತಿಳಿದು ಮನೆಗೆ ನಡೆದೆ.

ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. "ಹ್ಯಾಂಗ ಅದೀರಿ?" ಅಂದಳು.

"ಆರಾಮಿಲ್ಲ."

ನಮ್ಮಲ್ಲಿ ಆರಾಮಿಲ್ಲ ಅಂದರೆ ಜ್ವರ. ಹಿಟ್ಟಾದ ಕೈಯ ಹಿಂಬದಿಯನ್ನು ನನ್ನ ಹಣೆಗೆ ಒತ್ತಿ ನೋಡಿದಳು. "ಮೈ ತಣ್ಣಗದಲ್ರಿ."

"ಜ್ವರ ಅಲ್ಲ. ಒಳಗ ಆರಾಮಿಲ್ಲ. ಕುಡಿಯೂ ಮೊದಲಿಂದನೂ ಇಲ್ಲ. ಬಿಟ್ಟ ಮ್ಯಾಲೂ ಇಲ್ಲ."

ಹಂಚಿನ ಮೇಲೆ ರೊಟ್ಟಿ ಹೊತ್ತಿದ ವಾಸನೆ ಬಂತು. ಆಕೆ ಕೈ ತೆಗೆಯಲಿಲ್ಲ.

"ನಂಗೂ ಇಲ್ರಿ."

"ಯಾವಾಗಿಂದ?"

"ನೀವು ಕೇಳಿದಾಗೆಲ್ಲ ಆರಾಮ ಅದೀನಿ ಅಂದೀನಲ್ರಿ, ಅವಾಗಿಂದ."

ನನಗೆ ಅಳು ಬರಲಿಲ್ಲ. ಮುಂದಿನ ಮಂಗಳವಾರ ಬೀದರ ಬಸ್ಸಿನಲ್ಲಿ ಆಕೆಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ.