ಮೂರು ಆಸ್ಪತ್ರೆಗಳ ನಡುವೆ ಸ್ನೇಹಲತಾ

ಅಮ್ಮನ ತಂಗಿ ಬಾಗಿ ಚಿಕ್ಕಿಯ ಉತ್ತರಕ್ರಿಯೆ ಮುಗಿದ ಮರುವಾರ ಸ್ನೇಹಲತಾ ಬ್ರಹ್ಮಾವರದ ಆಸ್ಪತ್ರೆಯೊಂದಕ್ಕೆ ಹೋದದ್ದು ಜಗಳಕ್ಕಲ್ಲ, ರಕ್ತ ಕೊಡಲಿಕ್ಕೆ. ಅದು 2006ನೇ ಇಸವಿ. ಹೆದ್ದಾರಿ ದಾಟುವಾಗ ಬಸ್ಸು ಬಡಿದು ಚಿಕ್ಕಿಯನ್ನು ಕುಂದಾಪುರದ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿ ಓ ನೆಗೆಟಿವ್ ರಕ್ತ ಇರಲಿಲ್ಲ. ತಮ್ಮ ಯೋಗೀಶ್ ಮಂಗಳೂರಿಗೆ ಕಾರು ಓಡಿಸಿದ. ಅವನು ತಿರುಗಿ ಬರುವಷ್ಟರಲ್ಲಿ ಚಿಕ್ಕಿಯ ಉಸಿರು ನಿಂತಿತ್ತು. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ಸ್ನೇಹಲತಾ ತೋಳು ಚಾಚಿ ಮಲಗಿದ್ದಳು.

"ನಿಮ್ದ್ ಬಿ ಪಾಸಿಟಿವ್, ಬೇಗ ಖರ್ಚಾತ್ತ್," ಎಂದಳು ನರ್ಸ್. "ಓ ನೆಗೆಟಿವ್ ಕಾಣಿ, ನಾಕ್ ಬಾಟ್ಲಿ ಹೋದ ತಿಂಗ್ಳಿಂದ ಹಾಂಗೇ ಇತ್ತ್. ಕೇಂಬೋರೇ ಇಲ್ಲೆ."

ಸೂಜಿ ತೆಗೆದದ್ದೇ ಸ್ನೇಹಲತಾ ನೇರ ಆಡಳಿತಾಧಿಕಾರಿ ಉಮಾನಾಥರ ಕೋಣೆಗೆ ನುಗ್ಗಿದಳು.

"ನನ್ ತಮ್ಮ ನಿಮ್ ಗೇಟಿನ ಎದ್ರಿಂದ್ಲೇ ಮಂಗ್ಳೂರಿಗೆ ಹ್ವಾದ."

"ಕೇಂಡಿದ್ರೆ ಕೊಡ್ತಿದ್ದಿತ್ತ್, ಮೇಡಂ," ಎಂದರು ಅವರು, ಕನ್ನಡಕ ಒರೆಸುತ್ತ.

"ಇತ್ತ್ ಅಂತ ಗೊತ್ತಿದ್ರೆ ಅಲ್ದಾ ಕೇಂಬುದ್?"

ಬಸ್ಸಿನಲ್ಲಿ ಗುಲ್ವಾಡಿಯ ಮನೆಗೆ ಮರಳುವಾಗ ಕೇಳಿದ್ದರೆ ಕೊಡುತ್ತಿದ್ದೆವು ಎಂಬ ಆ 'ಕೇಂಡಿದ್ರೆ' ಮಾತು ಅವಳನ್ನು ಒಳಗಿಂದ ಸುಡುತ್ತಿತ್ತು. ಕುಂದಾಪುರ, ಬ್ರಹ್ಮಾವರ, ಬೈಂದೂರು, ಈ ಮೂರು ಊರಿನ ಆಸ್ಪತ್ರೆಗಳಲ್ಲೂ ಕಂಪ್ಯೂಟರ್ ಇತ್ತು, ಲೆಕ್ಕ ಇತ್ತು. ಒಂದರದ್ದು ಇನ್ನೊಂದಕ್ಕೆ ಗೊತ್ತಿರಲಿಲ್ಲ, ಅಷ್ಟೆ. ಅಷ್ಟಕ್ಕೇ ಒಂದು ಜೀವ ಹೋಗಿತ್ತು.

ಅವಳು ಕುಂದಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಎಂ.ಟೆಕ್. ಓದುವಾಗ ಗ್ರಿಡ್ ಕಂಪ್ಯೂಟಿಂಗ್ ಕಲಿತಿದ್ದಳು. ದೂರ ದೂರದ ಕಂಪ್ಯೂಟರುಗಳನ್ನು ಜೋಡಿಸಿ ಒಂದೇ ಯಂತ್ರದಂತೆ ದುಡಿಸುವ ವಿದ್ಯೆ ಅದು. ಅದರಲ್ಲಿ ಮಿಡಲ್‌ವೇರ್ ಎಂಬ ನಡುವಿನ ತಂತ್ರಾಂಶವೇ ಅವಳ ಪ್ರಾಜೆಕ್ಟ್ ಆಗಿತ್ತು. ಮಾಹಿತಿ ಇದ್ದಲ್ಲೇ ಇರುತ್ತದೆ. ನಡುವೆ ಕೂತ ತಂತ್ರಾಂಶ ಒಂದೊಂದು ಕಂಪ್ಯೂಟರನ್ನೂ ಅದಕ್ಕೆ ತಿಳಿಯುವ ಹಾಗೆ ಕೇಳಿ, ಬಂದ ಉತ್ತರಗಳನ್ನೆಲ್ಲ ಕೂಡಿಸಿ ಒಂದೇ ಉತ್ತರ ಮಾಡಿ ಕೊಡುತ್ತದೆ.

ಬೇಸಗೆ ರಜೆಯಿಡೀ ಅವಳು ಮೂರು ಆಸ್ಪತ್ರೆಗಳ ನಡುವೆ ಕೂರುವ ಅಂಥದೊಂದು ತಂತ್ರಾಂಶ ಬರೆದಳು. ಕುಂದಾಪುರದ ಆಸ್ಪತ್ರೆಯ ಡಾಕ್ಟರ್ ಶ್ರೀಕರ ಅದನ್ನು ಹಾಕಿಸಿಕೊಳ್ಳಲು ಕೂಡಲೇ ಒಪ್ಪಿದರು, ಬೈಂದೂರಿನವರೂ ಹೂಂ ಅಂದರು. ಒಬ್ಬರು ರಕ್ತದ ಗುಂಪನ್ನು ಅಕ್ಷರದಲ್ಲಿ ಬರೆದಿದ್ದರೆ ಇನ್ನೊಬ್ಬರು ಬರೀ ಅಂಕೆ ಹಾಕಿದ್ದರು. ಒಬ್ಬರಲ್ಲಿ ರಕ್ತ ತೆಗೆದ ತಾರೀಕು, ಇನ್ನೊಬ್ಬರಲ್ಲಿ ಅದು ಕೆಡುವ ತಾರೀಕು. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಹೊಂದಿಸಿದಳು.

ಉಮಾನಾಥರು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ನಮ್ ಲೆಕ್ಕ ಹೊರ್ಗಿನೋರ್ ಕಾಂಬುದ್ ಆತಿಲ್ಲೆ."

"ಲೆಕ್ಕ ನಿಮ್ ಕಂಪ್ಯೂಟರಲ್ಲೇ ಇರತ್ತ್. ಎಷ್ಟ್ ಬಾಟ್ಲಿ ಇತ್ತ್ ಅಂತ ಮಾತ್ರ ಕೇಂತೆ."

"ಇವತ್ ಬಾಟ್ಲಿ ಕೇಂತ್ರಿ. ನಾಳೆ ಎಂತ ಕೇಂತ್ರಿಯೋ. ರಕ್ತ ನಮ್ದ್, ಮೇಡಂ."

ರಕ್ತ ಅವರದಂತೆ! ಸ್ನೇಹಲತಾ ಅಲ್ಲಿಂದ ಎದ್ದವಳು ನೇರ ಕಡಲತಡಿಯ ಕೋಡಿ ಊರಿಗೆ ಹೋದಳು. ಬ್ರಹ್ಮಾವರದ ಆಸ್ಪತ್ರೆಗೆ ವರ್ಷ ವರ್ಷ ರಕ್ತದಾನ ಶಿಬಿರ ಮಾಡಿಕೊಡುತ್ತಿದ್ದದ್ದು ಅಲ್ಲಿನ ಯುವಕ ಸಂಘ. ಸಂಘದ ಅಧ್ಯಕ್ಷ ರಾಜೇಂದ್ರ ದೋಣಿಯ ಇಂಜಿನ್ ಬಿಚ್ಚಿಕೊಂಡು ಕೂತಿದ್ದ. ಅವಳು ಚಿಕ್ಕಿಯ ಕಥೆ ಹೇಳಿದಳು, ಉಮಾನಾಥರ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು.

"ನಮ್ ಮೈಯಿಂದ ತೆಗ್ದದ್ದ್ ಅವರ್ದ್ ಹ್ಯಾಂಗಾತ್ತ್ ಅಕ್ಕ?" ಎಂದ ರಾಜೇಂದ್ರ, ಗ್ರೀಸಿನ ಕೈ ಒರೆಸಿಕೊಳ್ಳುತ್ತ. "ಈ ಸಲ ಕೊಡುದೇ ಬ್ಯಾಡ."

"ನಿಲ್ಸುಕಾಗ. ಕುಂದಾಪುರದೋರಿಗೆ ಕೊಡುವ. ಬ್ರಹ್ಮಾವರದೋರಿಗೆ ಮಾತ್ರ ಬ್ಯಾಡ," ಎಂದಳು ಸ್ನೇಹಲತಾ.

ಆ ವರ್ಷದ ಶಿಬಿರ ಕುಂದಾಪುರದ ಆಸ್ಪತ್ರೆಯ ಪಾಲಾಯಿತು. ಹಟ್ಟಿಯಂಗಡಿಯ ಹುಡುಗರೂ ಅದೇ ದಾರಿ ಹಿಡಿದರು. ಬ್ರಹ್ಮಾವರದ ಫ್ರಿಜ್ಜು ಬರಿದಾಗತೊಡಗಿ, ಅಲ್ಲಿನ ಡಾಕ್ಟರುಗಳೇ ಉಮಾನಾಥರ ಮೇಲೆ ಹರಿಹಾಯ್ದ ಮೇಲೆ ಅವರಿಂದ ಫೋನು ಬಂತು: "ಬನ್ನಿ, ನಿಮ್ ಪ್ರೋಗ್ರಾಂ ಹಾಕಿ."

ಮಳೆಗಾಲ ಮುಗಿಯುವುದರೊಳಗೆ ಕೋಡಿಯ ಒಬ್ಬ ಮೀನುಗಾರನಿಗೆ ಎಬಿ ನೆಗೆಟಿವ್ ಬೇಕಾಯಿತು. ಕುಂದಾಪುರದ ನರ್ಸ್ ಕಂಪ್ಯೂಟರಿನಲ್ಲಿ ಒಮ್ಮೆ ಕೇಳಿದಳು. ಬೈಂದೂರಿನಲ್ಲಿದೆ ಎಂದು ಪರದೆ ಹೇಳಿತು. ರಕ್ತ ಹೊತ್ತಿಗೆ ಸರಿಯಾಗಿ ಬಂತು, ಆತ ಬದುಕಿದ.

ಆ ಸುದ್ದಿಗೆ ಬ್ರಹ್ಮಾವರದಲ್ಲೊಂದು ಸಮಾರಂಭವಾಯಿತು. ಉಮಾನಾಥರು ಮೈಕ್ ಹಿಡಿದು, ಇದು ನಮ್ಮ ಸಂಸ್ಥೆಯ ಬಹುದಿನದ ಕನಸು ಎಂದರು. ಸ್ನೇಹಲತಾಳಿಗೆ ಹೊದೆಸಲು ಶಾಲು ತಂದರು. ಅವಳು ಶಾಲನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು. "ಕನಸ್ ಕಂಡದ್ದಲ್ಲ ನೀವ್. ಬಾಗ್ಲ್ ಹಾಕಂಡ್ ಕೂತದ್ದ್," ಎಂದಳು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿತು. ಬಾಯಿ ಹೆಚ್ಚಾಯಿತು ಎಂದು ಪ್ರಿನ್ಸಿಪಾಲರು ಮರುದಿನ ಬೈದರು. ಅವಳು ಕ್ಷಮೆ ಕೇಳಲಿಲ್ಲ.

ಸಿಟ್ಟು ಇಳಿಯಿತೆಂದೇನಿಲ್ಲ. 2011ರಲ್ಲಿ ಬ್ರಹ್ಮಾವರದವರು ಹೇಳದೆ ಕೇಳದೆ ಸಾಫ್ಟ್‌ವೇರ್ ಬದಲಿಸಿದರು. ಸ್ನೇಹಲತಾಳ ಪ್ರೋಗ್ರಾಂ ಕೇಳಿದ್ದು ಹೊಸದಕ್ಕೆ ತಿಳಿಯದೆ, ಪರದೆಯಲ್ಲಿ ಅವರ ಊರಿನ ಎದುರು ಬರೀ ಸೊನ್ನೆ ಬರತೊಡಗಿತು. ಕ್ಲಾಸು ಅರ್ಧಕ್ಕೇ ಬಿಟ್ಟು ಕಾರಿಡಾರಿಗೆ ಬಂದು ಬ್ರಹ್ಮಾವರಕ್ಕೆ ಫೋನು ಹಚ್ಚಿದಳು.

"ಒಂದ್ ಮಾತ್ ಹೇಳುಕ್ ಎಂತ ಆಯ್ತಿತ್ತ್ ನಿಮ್ಗೆ? ಈಗ ಬತ್ತೆ. ಯಾರೂ ಮನೆಗೆ ಹ್ವಾಪುಕಿಲ್ಲೆ."

ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕಿದಳು.