ಗಣಪತಿ ಮಾವ ಪಂಪು ಹೊಡೆದ ದಿನ

ಹೋದ ವರ್ಷದ ಬೇಸಿಗೆ ರಜೆ. ನಾನು ಪ್ಲಾಸ್ಮಾ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವನು. ಆಘಾತ ತರಂಗ ಹಾಯಿಸಿ ಅನಿಲವನ್ನು ಒಮ್ಮೆಲೇ ಕಾಯಿಸಿ ಪ್ಲಾಸ್ಮಾ ಮಾಡುವುದು ನಮ್ಮ ಕೆಲಸ. ಮುಂದೊಂದು ದಿನ ಸೂರ್ಯನೊಳಗೆ ನಡೆಯುವಂತೆಯೇ ಪರಮಾಣು ಬೀಜಗಳನ್ನು ಬೆಸೆದು, ಹಿಡಿತದಲ್ಲಿಟ್ಟು, ವಿದ್ಯುತ್ ತೆಗೆಯಬೇಕೆಂಬ ಆಸೆ. ಇದನ್ನು ಶಿರಸಿಯ ಗಣಪತಿ ಮಾವನಿಗೆ ಹೇಳಿದ್ದೇ ತಪ್ಪಾಯಿತು. ‘ನಮ್ಮ ಅಳಿಯ ಸೂರ್ಯನ್ನೇ ಮಾಡ್ತಾ’ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಜನ ನಕ್ಕರು. ಮಾವನಿಗೆ ರೋಷ ಉಕ್ಕಿತು. ದಾಸನಕೊಪ್ಪದ ರೈತರ ಸಭೆಯಲ್ಲಿ ಅಳಿಯ ಪ್ರಯೋಗ ಮಾಡಿ ತೋರಿಸುತ್ತಾನೆ ಎಂದು ನನ್ನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟರು.

ಪ್ರಯೋಗ ಸಣ್ಣದು. ಕಬ್ಬಿಣದ ಕೊಳವೆಯ ನಡುವೆ ತೆಳು ಹಾಳೆ ಬಿಗಿದು, ಒಂದು ಕಡೆ ಸೈಕಲ್ ಪಂಪಿನಿಂದ ಗಾಳಿ ತುಂಬುವುದು. ಹಾಳೆ ಹರಿದರೆ ಆಘಾತ ತರಂಗ ಇನ್ನೊಂದು ಕಡೆಗೆ ನುಗ್ಗಿ ಅಲ್ಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಸಭೆ ಸೇರಿದ್ದ ಶಾಲೆಯ ಅಂಗಳದಲ್ಲಿ ಚೀಲ ಬಿಚ್ಚಿದರೆ ಅಲ್ಯೂಮಿನಿಯಂ ಹಾಳೆಯೇ ಇಲ್ಲ! ಅತ್ತೆ ಅದರಲ್ಲೇ ನಮಗೆ ಮಧ್ಯಾಹ್ನಕ್ಕೆಂದು ಚಪಾತಿ ಸುತ್ತಿ ಕೊಟ್ಟಿದ್ದರು, ತಿಂದು ಎಸೆದಾಗಿತ್ತು. ಕೊನೆಗೆ ಮಾವ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಬಿಗಿದುಕೊಟ್ಟರು.

ಪಂಪು ಹೊಡೆದೆ. ಹೊಡೆದೇ ಹೊಡೆದೆ. ಪ್ಲಾಸ್ಟಿಕ್ ಜಪ್ಪಯ್ಯ ಎನ್ನಲಿಲ್ಲ. ಹಿಂದಿನ ಸಾಲಿನವರು ಎದ್ದು ಹೊರಟರು. ಸೂರ್ಯನಿಗೆ ಮೋಡ ಕವಿದಿದೆ ಎಂದು ಯಾರೋ ಅಂದಾಗ ಎಲ್ಲರೂ ಗೊಳ್ಳೆಂದರು. ಮಾವನ ಮುಖ ಹುಳ್ಳಗಾಯಿತು. ಹತ್ತಿರ ಬಂದು ಮೆಲ್ಲಗೆ, “ತಮಾ, ಎನ್ನ ಮರ್ಯಾದೆ ತೆಗೆಯಡ. ಪಂಪು ಇತ್ಲಾಗಿ ಕೊಡು” ಎಂದರು. ಪಂಚೆ ಎತ್ತಿ ಕಟ್ಟಿ ಹೊಡೆಯತೊಡಗಿದರು. ನನಗೆ ಅಳುವುದೊಂದು ಬಾಕಿ.

ಢಮಾರ್!

ಮಾವ ಪಂಪಿನ ಸಮೇತ ಅಂಗಾತ ಬಿದ್ದರು. ಚಹಾ ಹಿಡಿದವರ ಚಹಾ ಅವರವರ ಮೈಮೇಲೆ. ಶಾಲೆಯ ಮಾಡಿನ ಮೇಲಿದ್ದ ಮಂಗಗಳ ಹಿಂಡು ಬಿದ್ದೆನೋ ಸತ್ತೆನೋ ಎಂದು ಅನಾನಸ್ ತೋಟ ದಾಟಿ ಮಾಯ. ನಾನು ಸಾವರಿಸಿಕೊಂಡು, ಕೊಳವೆಯೊಳಗಿನ ಗಾಳಿ ಹೇಗೆ ಕಾಯಿತೆಂದು ವಿವರಿಸತೊಡಗಿದೆ. ಯಾರೂ ಕೇಳುತ್ತಿರಲಿಲ್ಲ. ಎಲ್ಲರ ಕಣ್ಣೂ ಮಂಗಗಳು ಓಡಿದ ಕಡೆಗೇ ಇತ್ತು. ಈ ಕಡೆ ತೋಟಕ್ಕೆ ನುಗ್ಗುವ ಮಂಗ ಓಡಿಸಲು ಪೈಪಿನಲ್ಲಿ ಕಾರ್ಬೈಡ್ ಸಿಡಿಸಿ ಕೈ ಸುಟ್ಟುಕೊಂಡವರು ಬಹಳ. ಮುಂದಿನ ಸಾಲಿನ ಹಿರಿಯ ರೈತರೊಬ್ಬರು ಎದ್ದು ನಿಂತರು.

“ಇದಕ್ಕ ಕಾರ್ಬೈಡ್ ಹಾಕೂದು ಬ್ಯಾಡೇನ್ರಿ? ಬರೇ ಗಾಳಿ ಸಾಕ?”

ಸಾಕು ಎಂದೆ. ಹೊರಟವರೆಲ್ಲ ತಿರುಗಿ ಬಂದು ಕೊಳವೆಯನ್ನು ಮುತ್ತಿಕೊಂಡರು. ಮಾವ ಮಣ್ಣು ಕೊಡವಿಕೊಂಡು ಎದ್ದವರೇ, ಪ್ಲಾಸ್ಟಿಕ್ಕನ್ನು ನಾಲ್ಕು ಪದರ ಮಡಚಬೇಕು, ತಾನು ಹಾಗೇ ಮಾಡಿದ್ದು ಎಂದು ಪಾಠ ಶುರು ಮಾಡಿದರು. ಅಷ್ಟು ಹೊತ್ತು ಅದು ಹರಿಯದೇ ಇದ್ದದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಸಿಟ್ಟು ಬರಬೇಕಿತ್ತು, ಆದರೆ ಅವರ ಮುಖ ನೋಡಿ ಖುಷಿಯೇ ಆಯಿತು.

ನಮ್ಮ ಪ್ರಯೋಗಾಲಯಕ್ಕೆ ಬಂದವರೆಲ್ಲ, ಈ ಸಂಶೋಧನೆ ಜನರ ಉಪಯೋಗಕ್ಕೆ ಬರುವುದು ಯಾವಾಗ ಎಂದು ಕೇಳುತ್ತಾರೆ. ಇನ್ನೂ ಕೆಲವು ದಶಕ ಬೇಕು ಎನ್ನುತ್ತಾರೆ ನಮ್ಮ ಗೈಡ್. ಆಗಲೇ ಬಂತು ಎನ್ನುವವರು ಗಣಪತಿ ಮಾವ ಒಬ್ಬರೇ. ದಾಸನಕೊಪ್ಪದಲ್ಲಿ ಆ ಮಾತಿಗೆ ಈಗ ಯಾರೂ ನಗುವುದಿಲ್ಲ.